ಇಟಾಲಿಯನ್ನಿಗೆ ನಾನು ಹಾಕಿದ ಪ್ರಸ್ತಾರ

ನನಗೆ ಇಟಾಲಿಯನ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಸಿಂಧನೂರಿನಲ್ಲಿ ಹದಿನಾಲ್ಕು ಮಂದಿ ನರ್ಸುಗಳಿಗೆ ನಾಲ್ಕು ತಿಂಗಳು ಅದನ್ನು ಕಲಿಸಿದವನು ನಾನೇ. ಪೂರ್ತಿ ಭಾಷೆಯನ್ನಲ್ಲ, ಉಚ್ಚಾರ ಮಾತ್ರ. ಶಬ್ದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಿ ಹೇಳಬೇಕು, ಒಂದು ಶಬ್ದದಿಂದ ಇನ್ನೊಂದು ಹೇಗೆ ಹುಟ್ಟುತ್ತದೆ, ಇಷ್ಟೇ ನನ್ನ ಪಾಲಿಗೆ ಬಂದಿದ್ದ ಕೆಲಸ. ಇದರಲ್ಲೇ ನಾನು ಒಬ್ಬಾಕೆಯ ಬದುಕಿಗೆ ಅಡ್ಡ ನಿಂತೆ. ಆ ಹಕೀಕತ್ತನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ನಿವೃತ್ತನಾಗಿ ಮನೆಯಲ್ಲಿ ಕೂತು ದಿನಾ ಪತ್ರಿಕೆಯಲ್ಲಿ ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ನನ್ನ ಹೆಂಡತಿಗೆ ಸಾಕಾಗಿ ಹೋಗಿತ್ತು. "ಪೇಪರಿನವ್ರೇನ್ ಬಂದು ನಿಮ್ಮ ಕಡಿ ಮಾರ್ಕ್ಸ್ ಕೇಳ್ಯಾರೇನ್ರೀ? ಎಲ್ಲಿಗ್ಯಾರ ಹೋಗ್ರಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ತರಬೇತಿ ಕೇಂದ್ರ ಶುರುವಾಯಿತು. ಇಟಲಿಯ ವೃದ್ಧಾಶ್ರಮಗಳಿಗೆ ನರ್ಸುಗಳು ಬೇಕು, ಭಾಷಾ ಪರೀಕ್ಷೆ ಪಾಸಾದವರಿಗೆ ಕೆಲಸ. ಆ ದೇಶದ ಒಬ್ಬ ವಯಸ್ಸಾದ ಶಿಕ್ಷಕಿ ವಾರಕ್ಕೆ ಮೂರು ದಿನ ಪರದೆಯ ಮೇಲೆ ಬಂದು ಪಾಠ ಮಾಡುತ್ತಿದ್ದರು. ಉಳಿದ ದಿನ ಅಭ್ಯಾಸ ಮಾಡಿಸಲಿಕ್ಕೆ ಊರಿನವರೊಬ್ಬರು ಬೇಕಾಗಿತ್ತು. ಕೇಂದ್ರ ನಡೆಸುವ ಮೇಡಂ ಹಿಂದೊಮ್ಮೆ ನನ್ನ ಶಿಷ್ಯೆ.

"ಸರ್, ಛಂದಸ್ಸು ನೀವು ಕಲಿಸಿದಂಗ ಯಾರೂ ಕಲಿಸಿಲ್ಲ. ಇವ್ರ ನಾಲಿಗಿ ಜರಾ ತಿದ್ದಿಕೊಡ್ರಿ" ಅಂದಳು.

ಹೊಗಳಿದರೆ ನಾನು ಹಿಂದೆ ಮುಂದೆ ನೋಡುವವನಲ್ಲ. ಒಪ್ಪಿಕೊಂಡೆ.

ಹದಿನಾಲ್ಕು ಮಂದಿಯಲ್ಲಿ ಸಿಂಧನೂರಿನವರು ಐದು, ಲಿಂಗಸುಗೂರಿನ ಕಡೆಯವರು ನಾಲ್ಕು, ಹಟ್ಟಿಯಾಕಿ ಒಬ್ಬಳು, ಆರ್.ಎಚ್. ಕ್ಯಾಂಪಿನ ಇಬ್ಬರು, ದಢೇಸುಗೂರಿನಾಕಿ, ಮಸ್ಕಿಯಾಕಿ. ಹೆಸರು ಬರೆಯುವುದಿಲ್ಲ, ತರಗತಿಯಲ್ಲೂ ನಾನು ಊರಿನಿಂದಲೇ ಕರೆಯುತ್ತಿದ್ದೆ. ಆ ಕ್ಯಾಂಪು ನಿರಾಶ್ರಿತರಾಗಿ ಬಂದ ಬಂಗಾಲಿಗಳ ಊರು, ಅಲ್ಲಿಯ ಇಬ್ಬರೂ ಮನೆಯಲ್ಲಿ ಬಂಗಾಲಿ, ಹೊರಗೆ ಕನ್ನಡ ಮಾತಾಡುವವರು. ಮೊದಲ ದಿನವೇ ಅವರಲ್ಲೊಬ್ಬಳು, "ನಿಮ್ಮ ಕನ್ನಡ ವ್ಯಾಕರಣಕ್ಕಿಂತ ಇದು ಹಗುರ ಐತಿ ಸರ್" ಎಂದು ನನ್ನ ಮೂತಿಗೇ ತಿವಿದಳು.

ಕೆಲಸಕ್ಕೆ ಕೈ ಹಾಕಿದ ಮೇಲೆ ಮೊದಲು ಎದುರಾದ ತೊಡಕು ನಮ್ಮ ಲಿಪಿಯದೇ. ಅವರೆಲ್ಲ ಇಟಾಲಿಯನ್ ಶಬ್ದಗಳನ್ನು ಕನ್ನಡದಲ್ಲಿ ಬರೆದುಕೊಂಡು ಓದುತ್ತಿದ್ದರು. ಬಾಗಿಲಿಗೆ ಅವರು 'ಪೊರ್ತ' ಅನ್ನುತ್ತಾರೆ. ಒಡೆದು ಹೇಳುವಾಗ ಪೊರ್, ತ. ಆದರೆ ನಮ್ಮ ಬರವಣಿಗೆಯಲ್ಲಿ ಪೊ ಒಂದು ಕಡೆ, ರ್ತ ಒಂದು ಕಡೆ. ಹಾಸಿಗೆಗೆ 'ಲೆತ್ತೊ'. ಅದು ಲೆತ್, ತೊ. ಹುಡುಗಿಯರು ಲೆ ಅಂದು ನಿಂತು, ತ್ತೊ ಎಂದು ಉಗುಳುತ್ತಿದ್ದರು. ಪರದೆಯ ಮೇಲಿನ ಶಿಕ್ಷಕಿ ಚಪ್ಪಾಳೆ ತಟ್ಟಿ ಒಡೆದು ತೋರಿಸಿದರೂ ಇವರಿಗೆ ತಲೆಗೆ ಹತ್ತುತ್ತಿರಲಿಲ್ಲ.

ಆಗ ನನಗೆ ಹೊಳೆದದ್ದು ಪ್ರಸ್ತಾರ. ಶಾಲೆಯಲ್ಲಿ ಪದ್ಯದ ಸಾಲಿನ ಮೇಲೆ ಲಘು ಗುರು ಗುರುತು ಹಾಕದ ಕನ್ನಡದ ಮಗು ಯಾವುದಿದೆ? ಒಂದು ಮಾತ್ರೆಯದು ಲಘು, ಅದಕ್ಕೆ ಬಟ್ಟಲಿನ ಗುರುತು. ದೀರ್ಘವಾದದ್ದು ಗುರು, ಒತ್ತಕ್ಷರದ ಹಿಂದಿನದೂ ಗುರು, ಅದಕ್ಕೆ ಅಡ್ಡಗೆರೆ. ಪೊರ್ತ ಅಂದರೆ ಗುರು, ಲಘು. ಲೆತ್ತೊ ಅಂದರೆ ಗುರು, ಲಘು. ಗುರುತು ಹಾಕಿದ ಕೂಡಲೇ ಪೊರ್ ಎಂಬುದು ತಾನಾಗಿ ಒಂದು ತುಂಡಾಗಿ ನಿಂತಿತು. ಒಂದೇ ವಾರದಲ್ಲಿ ಹದಿನಾಲ್ಕೂ ಮಂದಿ ಸರಿಯಾಗಿ ಒಡೆಯತೊಡಗಿದರು. ಶಿಕ್ಷಕಿ ಪರದೆಯಿಂದಲೇ ಕೈಯೆತ್ತಿ ನನಗೆ ನಮಸ್ಕಾರ ಮಾಡಿದರು. ಅಲ್ಲಿಗೆ ನನ್ನ ತಲೆ ತಿರುಗಿತು.

ಒಡೆಯುವುದು ಸರಿಹೋಯಿತಲ್ಲ, ಇನ್ನು ಒತ್ತಿ ಹೇಳುವುದು. ನಮ್ಮ ಭಾಷೆಯಲ್ಲಿ ಅಂಥ ಒತ್ತು ಹೇಳಿಕೊಳ್ಳುವ ಹಾಗೆ ಇಲ್ಲ. ನಾವು ಶಬ್ದದಲ್ಲಿರುವ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವವರು. ಅವರದು ಹಾಗಲ್ಲ. ಪ್ರತಿ ಶಬ್ದದಲ್ಲೂ ಒಂದು ತುಂಡಿಗೆ ಮಾತ್ರ ದನಿ ಏರಬೇಕು, ಅದು ಕೊಂಚ ಎಳೆದ ಹಾಗೂ ಕೇಳಬೇಕು. ತಪ್ಪಿದರೆ ಶಬ್ದ ಗೊತ್ತಿದ್ದವರಿಗೂ ಗುರುತು ಸಿಗುವುದಿಲ್ಲ. ಅಚ್ಚಿನಲ್ಲಿ ಆ ಜಾಗ ಕಾಣುವುದಿಲ್ಲ. ಶಬ್ದದ ಕೊನೆಗೆ ಬಿದ್ದರೆ ಮಾತ್ರ ಮೇಲೊಂದು ಗೀಟು ಹಾಕುತ್ತಾರೆ. ಉಳಿದದ್ದನ್ನು ಓದುವವರೇ ತಿಳಿದುಕೊಳ್ಳಬೇಕು.

ನಾನು ತಿಳಿದುಕೊಂಡೆ. ನಾನು ಕಲಿಸುತ್ತಿದ್ದ ಮೊದಲ ಶಬ್ದಗಳೆಲ್ಲ ಮೈಯ ಭಾಗಗಳು, ಕೋಣೆಯ ಸಾಮಾನು. ತಲೆ ತೆಸ್ತ, ಕಾಲು ಗಂಬ, ಬಾಯಿ ಬೊಕ್ಕ, ಹಲ್ಲು ದೆಂತೆ. ಎಲ್ಲವೂ ಎರಡೇ ತುಂಡಿನವು. ಎಲ್ಲದರಲ್ಲೂ ಮೊದಲನೆಯದು ಗುರು, ಶಿಕ್ಷಕಿ ಒತ್ತುತ್ತಿದ್ದುದೂ ಅಲ್ಲೇ. ಸೂತ್ರ ಸಿಕ್ಕಿಬಿಟ್ಟಿತು ಅಂದುಕೊಂಡು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಗುರು ಎಲ್ಲಿದೆಯೋ ಒತ್ತು ಅಲ್ಲಿ. ಗುರು ಇಲ್ಲದಿದ್ದರೆ ಕೊನೆಯಿಂದ ಎರಡನೆಯದರ ಮೇಲೆ. ಈ ಎರಡನೆಯ ಸಾಲನ್ನು ಕೇಂದ್ರದವರು ಕೊಟ್ಟಿದ್ದ ಜೆರಾಕ್ಸ್ ಹಾಳೆಯಿಂದ ಎತ್ತಿದ್ದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ನಾಲ್ಕು ಸಾಲಿದ್ದವು. ಓದಲಿಲ್ಲ. ಅದೇ ಹಾಳೆಯಲ್ಲಿ ಆಸ್ಪತ್ರೆ ಎಂಬುದನ್ನು 'ಒ-ಸ್ಪೆ-ದ-ಲೆ' ಎಂದು ಒಡೆದಿದ್ದರು. ಒಸ್ ಒಂದು ತುಂಡಾಗಬೇಕಲ್ಲ, ಮುದ್ರಣದೋಷ ಎಂದು ನಾನೇ ಪೆನ್ಸಿಲಿನಿಂದ ತಿದ್ದಿದೆ! ಇಟಲಿಯವರ ಶಬ್ದವನ್ನು ಸಿಂಧನೂರಿನಲ್ಲಿ ಕೂತು ತಿದ್ದಿದ ಮಹಾಶಯ ನಾನು.

ಆಮೇಲಿನದೆಲ್ಲ ಒಪ್ಪಿಸುವ ಪಾಠ. ಮಗ್ಗಿ ಹೇಳಿಸುವ ಹಾಗೆ ಹೇಳಿಸಿದೆ. ನಾನು ಕೋಲಿನಿಂದ ಗುರುತು ತೋರಿಸುವುದು, ಹದಿನಾಲ್ಕು ಮಂದಿ ಒಂದೇ ದನಿಯಲ್ಲಿ ಕೂಗುವುದು. ಕೆಳಗೆ ಗೊಬ್ಬರ ಕೊಳ್ಳಲು ಬಂದ ರೈತರು ನಿಂತು ಮೇಲೆ ನೋಡುತ್ತಿದ್ದರು. ದಢೇಸುಗೂರಿನಾಕಿ ಎಲ್ಲರಿಗಿಂತ ಚುರುಕು. ಕನ್ನಡದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದವಳು. ನಾನು ಶಬ್ದ ಹೇಳುವ ಮೊದಲೇ ಅದರ ತಲೆ ಮೇಲೆ ಗುರುತು ಹಾಕಿ ಮುಗಿಸುತ್ತಿದ್ದಳು.

ಮಸ್ಕಿಯಾಕಿ ಹಾಗಲ್ಲ. ಮಸ್ಕಿಯಿಂದಾಚೆ ಕುರಿಗಾರರ ಮನೆಯವಳು, ಲಿಂಗಸುಗೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಡ್ಯೂಟಿ. ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ಅರ್ಧ ತರಗತಿ ಮುಗಿದಿರುತ್ತಿತ್ತು. ಕೊನೆಯ ಬೆಂಚು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಶಿಕ್ಷಕಿಯ ಪಾಠದ ದನಿಯನ್ನು ಮೊಬೈಲಿನಲ್ಲಿ ಕೇಳುತ್ತಾ ಬರುತ್ತಿದ್ದಳು. ಲಘು ಗುರು ಅಂದರೆ ಅವಳಿಗೆ ಶಾಲೆಯಲ್ಲಿದ್ದಾಗಲೂ ಅಲರ್ಜಿ. ಇಟಲಿಯವರು ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗೆ ಬರುವ ಶ್ರಾವಣಕ್ಕೆ ಮೂವತ್ತೈದು ತುಂಬುತ್ತಿತ್ತು. ಉಳಿದವರಿಗೆ ಇನ್ನೊಂದು ಸಲ ಎಂಬುದಿತ್ತು, ಅವಳಿಗೆ ಇದೊಂದೇ ಸಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಎದ್ದು ನಿಂತು ಓದು ಅಂದೆ. ಅವಳು 'ಒಸ್ಪೆದಾಲೆ' ಎಂದು ದ ಮೇಲೆ ಎಳೆದಳು.

"ಗುರು ಎಲ್ಲೈತಿ ನೋಡು. ಒಸ್ ಮ್ಯಾಲ ಐತಿ. ಒತ್ತು ಅಲ್ಲೇ ಕೊಡು" ಅಂದೆ.

"ಸರ್, ಕೇಳಿದ್ರ ದಾ ಅಂತ ಬರತೈತ್ರೀ."

"ಕೇಳೂದು ಬ್ಯಾರೆ, ಶಾಸ್ತ್ರ ಬ್ಯಾರೆ. ಮತ್ತೊಮ್ಮೆ ಓದು."

ಅವಳು ಮತ್ತೆ 'ಒಸ್ಪೆದಾಲೆ' ಅಂದಳು. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. "ಡಿಗ್ರಿ ಆಗೇತಿ, ಲಘು ಗುರು ಬರೂದಿಲ್ಲ. ಹೋಗಿ ಕುರಿ ಎಣಿಸು ಹೋಗು" ಅಂದೆ. ಅಂದೆ, ಹೌದು. ಇದನ್ನು ಬಿಟ್ಟು ಬರೆದರೆ ಬರೆದೇ ಉಪಯೋಗವಿಲ್ಲ. ಅವಳು ಮೂರನೆಯ ಸಲವೂ ಮೆಲ್ಲಗೆ ಹೇಳಿದಳು, "ಕೇಳಸಲ್ಯಾ ಸರ್? ಫೋನಿನ್ಯಾಗ ಐತಿ." ಕೂತುಕೋ ಅಂದೆ. ಕೂತಳು. ಆಮೇಲೆ ಎಲ್ಲರೂ ಕೂಗುವಾಗ ಅವಳು ಬಾಯಿ ತೆರೆಯುತ್ತಿರಲಿಲ್ಲ.

ಪರೀಕ್ಷೆ ಹೈದರಾಬಾದಿನಲ್ಲಿ. ಕೇಂದ್ರಕ್ಕೆ ಸಿಕ್ಕ ಜಾಗ ಹತ್ತು. ನಾಲ್ವರನ್ನು ಬಿಡಬೇಕಾಗಿತ್ತು, ಆಯ್ಕೆಯ ಪರೀಕ್ಷೆ ಮಾಡಿಕೊಡಿ ಎಂದು ಮೇಡಂ ನನಗೇ ಒಪ್ಪಿಸಿದಳು. ನಾನು ಐವತ್ತು ಶಬ್ದದ ಒಂದು ಪ್ರಶ್ನೆಪತ್ರಿಕೆ ಮಾಡಿದೆ. ಒಡೆಯಿರಿ, ಒತ್ತು ಬೀಳುವ ತುಂಡಿನ ಕೆಳಗೆ ಗೆರೆ ಎಳೆಯಿರಿ. ಗಮನಿಸಿ, ಬಾಯಿ ತೆರೆಸಿ ಒಂದು ಶಬ್ದವನ್ನೂ ಕೇಳಲಿಲ್ಲ. ನಾಲಿಗೆ ತಿದ್ದಲು ಕರೆದವನು ಕಾಗದ ತಿದ್ದಿದೆ. ದಢೇಸುಗೂರಿನಾಕಿಗೆ ಐವತ್ತಕ್ಕೆ ಐವತ್ತು. ಮಸ್ಕಿಯಾಕಿಯ ಹಾಳೆಯ ತುಂಬ ನನ್ನ ಕೆಂಪು ಕಾಟು, ಕೊನೆಯ ಸ್ಥಾನ.

ಪಟ್ಟಿ ಓದಿ ಹೇಳಿದ ದಿನ ಜಾಗ ಸಿಗದ ಉಳಿದ ಮೂವರು ಅತ್ತರು. ಮಸ್ಕಿಯಾಕಿ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬಸ್ಸಿನ ಹೊತ್ತಾತ್ರೀ ಸರ್" ಎಂದು ಹೊರಟುಹೋದಳು. ಮರುದಿನದಿಂದ ಬರಲಿಲ್ಲ.

ಅದಾಗಿ ಒಂದು ವಾರಕ್ಕೆ ಪರದೆಯ ಶಿಕ್ಷಕಿ ಹತ್ತೂ ಮಂದಿಯನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು, ಪರೀಕ್ಷೆಯ ರಿಹರ್ಸಲ್. ಅದುವರೆಗೆ ಅವರು ಕೇಳುತ್ತಿದ್ದದ್ದು ಗುಂಪಿನ ದನಿ, ಅದೂ ಸಿಂಧನೂರಿನ ನೆಟ್‌ವರ್ಕಿನಲ್ಲಿ. ಹದಿನಾಲ್ಕು ಬಾಯಿ ಒಟ್ಟಿಗೆ ಕೂಗಿದರೆ ಯಾವ ತಪ್ಪು ಯಾರದೆಂದು ದೇವರಿಗೂ ತಿಳಿಯಲಿಕ್ಕಿಲ್ಲ. ಮೊದಲು ನನ್ನ ದಢೇಸುಗೂರಿನಾಕಿ ಕೂತಳು. ರೋಗಿಗೆ ಎಲ್ಲಿ ನೋವು ಎಂದು ಕೇಳುವುದು, ವೈದ್ಯರಿಗೆ ವರದಿ ಕೊಡುವುದು. ಅವಳು ಎಲ್ಲಿಯೂ ತಡವರಿಸಲಿಲ್ಲ. ಆಸ್ಪತ್ರೆಯಲ್ಲಿ ಒಸ್ ಒತ್ತಿದಳು, ಶ್ವಾಸಕೋಶದ 'ಪೊಲ್ಮೋನೆ'ಯಲ್ಲಿ ಪೊಲ್ ಒತ್ತಿದಳು. ವೈದ್ಯರಿಗೆ 'ಮೇದಿಕೊ' ಅನ್ನುವ ಕಡೆ ಗುರು ಕಾಣದೆ, ನನ್ನ ಎರಡನೆಯ ಸೂತ್ರ ಹಿಡಿದು 'ಮೆದೀಕೊ' ಅಂದಳು. ಎಷ್ಟು ಆತ್ಮವಿಶ್ವಾಸ ಆ ಮಗುವಿಗೆ!

ಶಿಕ್ಷಕಿ ಇನ್ನೊಮ್ಮೆ ಹೇಳು ಅಂದರು. ಮತ್ತೊಮ್ಮೆ ಅಂದರು. ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು ಮಂದಿಯನ್ನು ಕೇಳಿದ ಮೇಲೆ ಮೇಡಂ ಜೊತೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಡಂ ನನ್ನ ಮುಖ ನೋಡದೆ ಅದನ್ನು ಕನ್ನಡಕ್ಕೆ ತಂದಳು: "ಶಬ್ದ ಎಲ್ಲಾ ಬರ್ತಾವಂತ ಸರ್. ಆದ್ರ ಕೈಯಾಗ ಪುಸ್ತಕ ಇಲ್ಲಂದ್ರ ಇವ್ರು ಏನ್ ಹೇಳಾಕತ್ಯಾರ ಅಂತ ತಿಳಿಯಂಗಿಲ್ಲಂತ. ಅಲ್ಲೇ ಒತ್ರಿ ಅಂತ ಯಾರು ಕಲಿಸ್ಯಾರ ಅಂತ ಕೇಳಾಕತ್ಯಾರ."

ಹತ್ತು ಮಂದಿಯೂ ನನ್ನ ಕಡೆ ತಿರುಗಿದರು. ಮೇಡಂ ಗಡಬಡಿಸಿ, "ಆಡಿಯೋ ಬರೋಬ್ಬರಿ ಇಲ್ಲ, ನೆಟ್ ಪ್ರಾಬ್ಲಮ್ ಇರಬಹುದು" ಎಂದು ಅವರಿಗೆ ಏನೋ ಸಮಜಾಯಿಷಿ ಕೊಟ್ಟಳು. ನೆಟ್ಟಿಗೆ ಯಾವ ಪ್ರಾಬ್ಲಮ್ಮೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತೆ. ಒತ್ತಿನ ಗುರುತು ಹಾಕಿದ ಒಂದು ನಿಘಂಟನ್ನು ಮೇಡಂ ಕೈಯಿಂದ ಇಸಿದುಕೊಂಡು ಬಂದಿದ್ದೆ, ಅದೆಲ್ಲ ಮೊದಲೇ ಮಾಡಬೇಕಾದ ಕೆಲಸ. ಒಂದು ಹಾಳೆಯಲ್ಲಿ ಎರಡು ಕಾಲಮ್ಮು ಹಾಕಿದೆ. ಎಡಕ್ಕೆ ನನ್ನ ಗುರು, ಬಲಕ್ಕೆ ಅವರ ಒತ್ತು. ಪೊರ್ತ, ಲೆತ್ತೊ, ತೆಸ್ತ, ಎರಡು ತುಂಡಿನವೆಲ್ಲ ಕೂಡಿದವು. ಕೂಡದೆ ಏನು ಮಾಡಿಯಾವು? ಎರಡೇ ತುಂಡಿದ್ದರೆ ಒತ್ತು ಹಿಂದೆ ಸರಿಯಲಿಕ್ಕೆ ಜಾಗವೆಲ್ಲಿದೆ! ಮೂರು ತುಂಡಿನವು ಬಂದಾಗ ಬಣ್ಣ ಬಯಲಾಯಿತು. ಯಕೃತ್ತು 'ಫೇಗತೊ', ನಾನು ಗ ಒತ್ತಿಸಿದ್ದೆ. ಹೊಟ್ಟೆ 'ಸ್ತೋಮಕೊ', ನಾನು ಮ ಒತ್ತಿಸಿದ್ದೆ. ಆ ಜೆರಾಕ್ಸ್ ಹಾಳೆಯ ಕೆಳಗಿನ ಸಣ್ಣಕ್ಷರದಲ್ಲಿ ಇದೇ ಇತ್ತು: ಕೆಲವಕ್ಕೆ ಒತ್ತು ಕೊನೆಯಿಂದ ಮೂರನೆಯದರ ಮೇಲೆ, ಯಾವುವೆಂಬುದನ್ನು ಕೇಳಿಯೇ ಕಲಿಯಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಔಷಧಿಗೆ 'ಫಾರ್ಮಕೊ', ಒತ್ತು ಫರ್ ಮೇಲೆ. ನನ್ನ ಸೂತ್ರಕ್ಕೆ ಸರಿ. ಅದರಿಂದ ಹುಟ್ಟಿದ್ದು ಔಷಧಿ ಅಂಗಡಿ, 'ಫರ್ಮಚೀಅ', ಒತ್ತು ಚಿ ಮೇಲೆ ಓಡಿಹೋಗುತ್ತದೆ. ಮೇದಿಕೊದಿಂದ 'ಮೆದಿಚೀನ', ಅದರಲ್ಲೂ ಹಾಗೇ. ಚಮಚಕ್ಕೆ 'ಕುಕ್ಕ್ಯಾಯೊ', ಔಷಧಿ ಕುಡಿಸುವ ಸಣ್ಣ ಚಮಚಕ್ಕೆ 'ಕುಕ್ಕ್ಯಾಈನೊ', ಒತ್ತು ಬಾಲಕ್ಕೆ. ಅವರ ಭಾಷೆಯಲ್ಲಿ ಹೊಸ ಪ್ರತ್ಯಯ ಬಂತೆಂದರೆ ಹಳೆಯವರು ಒತ್ತನ್ನು ಅದಕ್ಕೆ ಬಿಟ್ಟುಕೊಟ್ಟು ಸರಿಯುತ್ತಾರೆ. ನಾನೋ, ಗುರುವನ್ನು ಗೂಟ ಹೊಡೆದು ಕಟ್ಟಿದ್ದೆ. ಅಷ್ಟರಿಂದಲೇ ಚಮಚ ಸಣ್ಣದೋ ದೊಡ್ಡದೋ ಎಂದು ಇವರು ಅಲ್ಲಿ ಒಬ್ಬ ಮುದುಕಿಯ ಮುಂದೆ ತಡವರಿಸಬೇಕಾಗಿತ್ತು.

ಆಮೇಲೆ ಮಸ್ಕಿಯಾಕಿಯ ಉತ್ತರ ಪತ್ರಿಕೆ ತೆಗೆದೆ. ನಾನು ಕಾಟು ಹೊಡೆದದ್ದು ಇಪ್ಪತ್ತಾರು. ನಿಘಂಟಿಗೆ ಹೋಲಿಸಿದರೆ ಅದರಲ್ಲಿ ಇಪ್ಪತ್ತಮೂರು ಸರಿಯಾಗಿದ್ದವು. ಉಳಿದವರ ಪತ್ರಿಕೆಗಳನ್ನೂ ಹಾಗೇ ಹೋಲಿಸಿದೆ. ಹದಿನಾಲ್ಕು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಸರಿ ಬರೆದವಳು ಅವಳೊಬ್ಬಳೇ, ಮತ್ತು ನಾನು ಅವಳನ್ನು ಕೊನೆಗೆ ಇಟ್ಟಿದ್ದೆ. ಮೂವತ್ತು ವರ್ಷ ಪೇಪರು ತಿದ್ದಿದ್ದೇನೆ. ಹೀಗೆ ಎಷ್ಟು ಮಂದಿಗೆ ಮಾಡಿದ್ದೇನೋ ಎಂಬ ಯೋಚನೆ ಬಂತು.

ಹೆಂಡತಿ ಚಹಾ ತಂದವಳು, "ಏನಾತ್ರೀ, ಮಾರಿ ಹಿಂಗ್ಯಾಕ ಮಾಡೀರಿ?" ಎಂದು ಕೇಳಿದಳು. ಹೇಳಿದೆ. ಅವಳು "ಆ ಹುಡುಗಿ ಹೆಸರು ಹಾಕಸ್ರಿ" ಅಂದಳು, ಅಷ್ಟೇ.

ಮೇಡಂ ಒಪ್ಪಲಿಲ್ಲ. "ಸುಮ್ಕಿರ್ರಿ ಸರ್. ಇನ್ನ ಹದಿನೈದು ದಿನ ಐತಿ. ತರಗತಿಯಾಗ ಜರಾ ಜರಾ ತಿದ್ದಿಕೊಂಡು ಹೋಗ್ರಿ, ಯಾರಿಗೂ ತಿಳಿಯಂಗಿಲ್ಲ. ಪಟ್ಟಿ ಹೋಗೇತಿ. ಈಗ ಒಬ್ಬಾಕಿನ ಒಳಗ ತಗೊಂಡ್ರ ಒಬ್ಬಾಕಿನ ಹೊರಗ ಹಾಕಬೇಕು. ಆ ಮನಿಯವ್ರಿಗೆ ನೀವು ಉತ್ರ ಕೊಡ್ತೀರೇನು?"

ಅವಳ ಮಾತಿನಲ್ಲಿ ನ್ಯಾಯವಿತ್ತು. ನನಗೂ ಹಾಗೇ ಮಾಡಬೇಕೆನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮೆಲ್ಲಗೆ ತಿದ್ದಿಕೊಂಡು ಹೋದರೆ ಮರ್ಯಾದೆಯೂ ಉಳಿಯುತ್ತದೆ, ಹತ್ತು ಮಂದಿಯೂ ಉಳಿಯುತ್ತಾರೆ. ಒಬ್ಬಳು ಮಾತ್ರ ಮುಳುಗುತ್ತಾಳೆ, ಅವಳು ಹೇಗೂ ಬಾಯಿ ತೆರೆಯುವವಳಲ್ಲ. ಎರಡು ದಿನ ಇದೇ ಲೆಕ್ಕ ಹಾಕುತ್ತಾ ಕಳೆದೆ. ಹೆಸರು ಬದಲಿಸಲು ಶನಿವಾರದ ತನಕ ಅವಕಾಶವಿತ್ತು. ಬುಧವಾರ ಬೆಳಿಗ್ಗೆ ಒಂದು ಕಾಗದ ಬರೆದೆ: ಆಯ್ಕೆ ಪರೀಕ್ಷೆಯ ಅಂಕಗಳು ನನ್ನ ಅಜ್ಞಾನದಿಂದ ತಪ್ಪಾಗಿವೆ, ಅವುಗಳನ್ನು ರದ್ದು ಮಾಡಿ, ಹದಿನಾಲ್ಕೂ ಮಂದಿಯನ್ನು ಶಿಕ್ಷಕಿಯೇ ಬಾಯಿಂದ ಕೇಳಿ ಆರಿಸಬೇಕು. ಸಹಿ ಹಾಕಿ ಮೇಡಂ ಮೇಜಿನ ಮೇಲಿಟ್ಟೆ. ಇದನ್ನು ನೀನು ಒಪ್ಪದಿದ್ದರೆ ಶಿಕ್ಷಕಿ ಬಂದಾಗ ಪರದೆಯ ಮುಂದೆ ನಾನೇ ಕೂತು ಓದುತ್ತೇನೆ ಅಂದೆ. ಅವಳು ಕಾಗದ ಓದಿ, "ಶುಕ್ರವಾರ ಇಡ್ತೀನಿ" ಅಂದಳು.

ಆ ದಿನವೇ ತರಗತಿಯಲ್ಲಿ ಹೇಳಿದೆ. ಬೋರ್ಡಿನ ಮೇಲಿದ್ದ ಸೂತ್ರವನ್ನು ನಾನೇ ಒರೆಸಿದೆ. ಆಮೇಲೆ ದಢೇಸುಗೂರಿನಾಕಿ ಎದ್ದು ನಿಂತಳು.

"ನೀವ ಹೇಳಿದ್ದ ಬರದೀನಿ ಸರ್. ಒಂದಕ್ಷರ ಅತ್ತಾಗ ಇತ್ತಾಗ ಮಾಡಿಲ್ಲ. ಐವತ್ತಕ್ಕ ಐವತ್ತು ಕೊಟ್ಟೀರಿ. ಈಗ ಎಲ್ಲಾ ತಪ್ಪಂದ್ರ ನಾ ಏನ್ ಮಾಡ್ಲಿ? ಮಲಗಿದ್ರೂ ಅದ ಬರತೈತಿ ನಾಲಿಗಿ ಮ್ಯಾಲ."

"ತಪ್ಪು ನಂದವ್ವ" ಅಂದೆ.

"ಪರೀಕ್ಷಾ ನಂದು ಸರ್" ಅಂದಳು.



ಮಸ್ಕಿಯಾಕಿ ಫೋನು ಎತ್ತುತ್ತಿರಲಿಲ್ಲ. ಗುರುವಾರ ಲಿಂಗಸುಗೂರಿನ ಬಸ್ಸು ಹತ್ತಿದೆ. ದವಾಖಾನೆಯಲ್ಲಿ ರೋಗಿಗಳ ಸಾಲಿನಲ್ಲಿ ಬೆಂಚಿನ ಮೇಲೆ ಕೂತೆ. ಅವಳು ಒಬ್ಬ ಮುದುಕನ ಕೈ ಹಿಡಿದು ನರ ಹುಡುಕುತ್ತಿದ್ದಳು. ಬೆರಳಿನಿಂದ ಮೆಲ್ಲಗೆ ತಟ್ಟಿ, ತಡೆದು, ಮತ್ತೆ ತಟ್ಟಿ, ಒಂದೇ ಸಲಕ್ಕೆ ಸೂಜಿ ಇಳಿಸಿದಳು. ನನ್ನನ್ನು ನೋಡಿದರೂ ಕೆಲಸ ಮುಗಿಸಿಯೇ ಬಂದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಇಪ್ಪತ್ತಮೂರು ಶಬ್ದದ ಲೆಕ್ಕವನ್ನೂ ಹೇಳಿದೆ. ಕುರಿ ಎಣಿಸು ಅಂದದ್ದಕ್ಕೆ ಕ್ಷಮೆ ಕೇಳಿದೆ.

ಅವಳು ಗ್ಲೌಸು ತೆಗೆಯುತ್ತಾ, "ಅವತ್ತ ನಾ ಮೂರು ಸಲ ಹೇಳಿದ್ನಿ ಸರ್" ಅಂದಳು.

"ಹೌದವ್ವ."

"ಒಂದ ಸಲ ಫೋನ್ ಕಿವಿಗೆ ಹಚಿಗೊಂಡಿದ್ರ ಆಗ್ತಿತ್ತು. ಎರಡು ನಿಮಿಷದ ಕೆಲಸ ಇತ್ತು."

"ನಾಳೆ ಬರತೀ ಏನವ್ವ?"

"ಡ್ಯೂಟಿ ಬದಲಿ ಸಿಗತೈತೋ ಇಲ್ಲೋ, ನೋಡ್ತೀನಿ" ಎಂದು ಒಳಗೆ ಹೋದಳು. ಬಾಯಿಮಾತಿಗೂ ಇರಲಿ ಬಿಡ್ರಿ ಅನ್ನಲಿಲ್ಲ. ಅನ್ನಬೇಕಾದ ಕಾರಣವೂ ಇರಲಿಲ್ಲ.

ಶುಕ್ರವಾರ ಬಂದಳು. ಶಿಕ್ಷಕಿ ಒಬ್ಬೊಬ್ಬರನ್ನು ಹತ್ತು ನಿಮಿಷ ಕೇಳಿದರು. ಇವಳು ಮಾತಾಡುವಾಗ ಆ ಹೆಂಗಸು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಪಾಠ ಬಿಟ್ಟು ಏನೋ ಮನೆಮಾತು ಶುರು ಮಾಡಿದರು. ಇಬ್ಬರೂ ನಕ್ಕರು. ನನಗೆ ಒಂದಕ್ಷರ ತಿಳಿಯಲಿಲ್ಲ. ಸಂಜೆಗೆ ಹೊಸ ಪಟ್ಟಿ ಬಂತು. ಮಸ್ಕಿಯಾಕಿ ಮೊದಲನೆಯವಳು. ಹೊರಗೆ ಬಿದ್ದದ್ದು ದಢೇಸುಗೂರಿನಾಕಿ. ನನ್ನನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವಳೇ ಆದ್ದರಿಂದ, ಎಲ್ಲರಿಗಿಂತ ಹೆಚ್ಚು ಕೆಟ್ಟವಳೂ ಅವಳೇ ಆಗಿದ್ದಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಮುಂದಿನ ಸಲ ಇದೆ. ಹಾಗೆಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಉಳಿದ ದಿನಗಳಲ್ಲಿ ಸೂತ್ರ ಕಟ್ಟಲಿಲ್ಲ. ಪ್ರಸ್ತಾರವನ್ನು ಪೂರ್ತಿ ಎಸೆಯಲೂ ಇಲ್ಲ. ಲೆತ್ತೊ, ಪೊರ್ತಗಳನ್ನು ಒಡೆಯಲಿಕ್ಕೆ ಅದು ಬೇಕೇ ಬೇಕು. ಆದರೆ ಕ್ರಮ ತಿರುವಿದೆ. ಮೊದಲು ಮೊಬೈಲಿನಲ್ಲಿ ಶಿಕ್ಷಕಿಯ ದನಿ, ಮೂರು ಸಲ. ಆಮೇಲೆ ಒಬ್ಬೊಬ್ಬರೇ ಹೇಳುವುದು, ಗುಂಪು ಕೂಗಾಟ ಬಂದ್. ಎಲ್ಲಕ್ಕಿಂತ ಕೊನೆಗೆ ಪೆನ್ಸಿಲು. ಶಬ್ದಗಳನ್ನು ಒಂಟಿಯಾಗಿ ಕೊಡದೆ ಕುಟುಂಬದ ಸಮೇತ ಕೊಟ್ಟೆ: ಮೇದಿಕೊ, ಮೆದಿಚೀನ. ಫಾರ್ಮಕೊ, ಫರ್ಮಚೀಅ, ಫರ್ಮಚೀಸ್ತ. ಒತ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಬೆರಳು ಇಟ್ಟು ತೋರಿಸಬೇಕು. ಮಸ್ಕಿಯಾಕಿಗೆ ಮುಂದೆ ಬಂದು ಹೇಳಿಕೊಡು ಅಂದೆ. "ನಾ ಮಾಸ್ತರ್ತಿ ಅಲ್ಲ ಸರ್, ನನಗ ನನ್ನ ಪರೀಕ್ಷಾದ ಚಿಂತಿ ಐತಿ" ಎಂದು ಕೊನೆಯ ಬೆಂಚಿನಲ್ಲೇ ಉಳಿದಳು. ದಢೇಸುಗೂರಿನಾಕಿಯೂ ತಪ್ಪದೆ ಬಂದಳು, ನನ್ನ ಜೊತೆ ಮಾತಿಲ್ಲ. ನಾನೇನಾದರೂ ಒಂದು ಶಬ್ದ ಹೇಳಿದರೆ, ಅದನ್ನು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಬರೆದುಕೊಳ್ಳುತ್ತಿದ್ದಳು.

ಹೈದರಾಬಾದಿಗೆ ಹೋದ ಹತ್ತರಲ್ಲಿ ಏಳು ಮಂದಿ ಪಾಸಾದರು. ಸೋತ ಮೂವರ ಹೆಸರು ನನ್ನ ಮನಸ್ಸಿನಲ್ಲಿ ಬರೆದಿದೆ. ಮಸ್ಕಿಯಾಕಿ ಪಾಸಾದಳು.

ಅವಳು ಹೊರಡುವ ಮುಂಚೆ ಕಾಗದಪತ್ರ ಒಯ್ಯಲು ಕೇಂದ್ರಕ್ಕೆ ಬಂದಳು. ಜೊತೆಗೆ ಅವಳ ತಾಯಿ. ಇಳಕಲ್ ಸೀರೆ, ಬಿಸಿಲಿಗೆ ಕರಕಾದ ಮುಖ, ಜೀವಮಾನವೆಲ್ಲ ಕುರಿಯ ಹಿಂದೆ ನಡೆದ ಕಾಲು. ನಾನು ಯಾರೆಂದು ಗೊತ್ತಾದ ಕೂಡಲೇ ಆ ತಾಯಿ ಸೆರಗು ತಲೆಗೆಳೆದುಕೊಂಡು ಬಗ್ಗಿ ನನ್ನ ಎರಡೂ ಕಾಲು ಹಿಡಿದುಬಿಟ್ಟಳು.

"ನಿಮ್ಮ ಪುಣ್ಯೇವ ನೋಡಪ್ಪ ಮಾಸ್ತರ. ನೀವು ಕಲಿಸಿದ್ರಂತ, ನನ್ನ ಮಗಳು ದಂಡಿ ಹತ್ತಿದ್ಲು."

ನಾನು ಮಗಳ ಮುಖ ನೋಡಿದೆ. ಅವಳು ಮನೆಯಲ್ಲಿ ಏನೂ ಹೇಳಿಲ್ಲ ಎಂಬುದು ಆಗ ತಿಳಿಯಿತು. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು. ಆ ಮುದುಕಿಯ ಕೈ ನನ್ನ ಪಾದದ ಮೇಲೆ ಬಿಸಿಯಾಗಿತ್ತು.

"ಇಲ್ಲಬೇ ಯವ್ವ" ಅಂದೆ, "ನಾ ಕಲಿಸಿಲ್ಲ. ನಿನ್ನ ಮಗಳು ಬರೋಬ್ಬರಿ ಹೇಳಿದ್ಲು, ನಾ ತಪ್ಪಂತ ಅಕಿನ ಪಟ್ಟಿಯಿಂದ ತಗದು ಹಾಕಿದ್ನಿ. ಹೋಗಿ ಕುರಿ ಎಣಿಸು ಅಂತ ಹಂಗಿಸಿದ್ನಿ. ಅಕಿ ಪಾಸಾಗಿದ್ದು ಅಕಿ ಕಿವಿಯಿಂದ."

ತಾಯಿ ತಲೆಯೆತ್ತಿ ನಕ್ಕಳು. ದೊಡ್ಡವರು ಹೀಗೇ ಸಣ್ಣವರಾಗಿ ಮಾತಾಡುತ್ತಾರೆ ಎಂದುಕೊಂಡಳೋ ಏನೋ, "ಹೌದಲ್ಲೇ?" ಎಂದು ಮಗಳ ಕಡೆ ತಿರುಗಿದಳು.

"ಹೌದವ್ವ" ಅಂದಳು ಮಗಳು. "ಮಾಸ್ತರ್ರು ಖರೇ ಹೇಳಾಕತ್ಯಾರ."

ಆ ತಾಯಿ ನನ್ನ ಕಾಲ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.